ಚಿಲಿಯ ಪೀಪಾಯಿ ವೈನ್ ಹುಡುಕಿ ಹೊರಡುವವರಿಗೆ: ಪಯೀಸ್, ಪಿಪೇನ್ಯೊ, ಚೀಚಾ ಕುರಿತ ಸಮಗ್ರ ಮಾರ್ಗದರ್ಶಿ

ನಾವು ಪೀಪಾಯಿ ಅಂತೀವಲ್ಲ, ಆ ಪದ ಪೋರ್ಚುಗೀಸರ ‘ಪೀಪಾ’ದಿಂದ ಬಂದದ್ದು. ಸ್ಪ್ಯಾನಿಷ್‌ನಲ್ಲೂ ಅದೇ ಪದ. ಚಿಲಿಯ ದಕ್ಷಿಣದ ಹಳ್ಳಿಗಳಲ್ಲಿ ರೈತರು ಮನೆಮಟ್ಟಿಗೆ ವೈನ್ ಮಾಡಿ ದೊಡ್ಡ ಮರದ ಪೀಪಾಯಿಯಲ್ಲಿ ಇಡುತ್ತಿದ್ದರು. ಅದಕ್ಕೇ ಆ ವೈನಿಗೆ ‘ಪಿಪೇನ್ಯೊ’ ಅಂತ ಹೆಸರು. ಕನ್ನಡದಲ್ಲಿ ಹೇಳುವುದಾದರೆ ಪೀಪಾಯಿ ವೈನ್, ಅಷ್ಟೇ.

ಆದರೆ ಚಿಲಿ ವೈನ್ ಅಂದ ತಕ್ಷಣ ನಮ್ಮವರಿಗೆ ನೆನಪಾಗುವುದು ಏರ್‌ಪೋರ್ಟಿನ ಅಂಗಡಿಯಲ್ಲಿ ಸಾಲಾಗಿ ನಿಂತ ಕ್ಯಾಬರ್ನೆ ಸೊವಿನ್ಯೋನ್, ಮೆರ್ಲೊ. ಸ್ವಲ್ಪ ಜಾಸ್ತಿ ಓದಿಕೊಂಡವರಾದರೆ ಕಾರ್ಮೆನೇರ್. ಅವೂ ಒಳ್ಳೆಯವೇ, ಜಗಳ ಇಲ್ಲ. ಆದರೆ ಅವೆಲ್ಲ 19ನೇ ಶತಮಾನದ ನಡುವಿನಲ್ಲಿ ಫ್ರಾನ್ಸಿನಿಂದ ಬಂದ ಬಳ್ಳಿಗಳು. ಅದಕ್ಕೂ ಮುಂಚೆ ಸುಮಾರು ಮುನ್ನೂರು ವರ್ಷ ಆ ದೇಶದವರು ಏನೋ ಒಂದನ್ನು ಕುಡಿಯುತ್ತಿದ್ದರಲ್ವಾ? ಅದು ಈಗಲೂ ಇದೆ. ರಸ್ತೆ ಬದಿಯಲ್ಲಿ ಪ್ಲಾಸ್ಟಿಕ್ ಕ್ಯಾನಿನಲ್ಲಿ ಸಿಗುತ್ತದೆ. ಅದನ್ನು ಹುಡುಕಿ, ಕೇಳಿ, ಸರಿಯಾಗಿ ಕುಡಿಯುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ನಕ್ಷೆಯಲ್ಲಿ ಕೆಳಗೆ ನೋಡಿ

ಸಾಂಟಿಯಾಗೊಗೆ ಬಂದ ಪ್ರವಾಸಿಗಳನ್ನು ಮೈಪೊ, ಕಾಸಾಬ್ಲಾಂಕಾ, ಕೊಲ್ಚಾಗ್ವಾ ಕಣಿವೆಗಳಿಗೆ ಕರೆದೊಯ್ಯುತ್ತಾರೆ. ದೊಡ್ಡ ಕಂಪನಿಗಳು, ಚೆಂದದ ಹುಲ್ಲುಹಾಸು, ಗಿಫ್ಟ್ ಅಂಗಡಿ. ಈ ಸಲ ಅವನ್ನು ಬಿಡಿ. ನಿಮಗೆ ಬೇಕಾದ ಮೂರು ಹೆಸರು: ಮೌಲೆ, ಇತಾತಾ, ಬಿಯೊ-ಬಿಯೊ. ಮೂರೂ ಸಾಂಟಿಯಾಗೊದ ದಕ್ಷಿಣಕ್ಕಿವೆ. ಒಂದನ್ನೇ ಆರಿಸಬೇಕಾದರೆ ನಾನು ಕಣ್ಣುಮುಚ್ಚಿಕೊಂಡು ಇತಾತಾ ಅಂತೀನಿ.

ಯಾಕೆ ಅಂದರೆ, ಅಲ್ಲಿ ಬೆಟ್ಟದ ಇಳಿಜಾರಿನಲ್ಲಿ ದ್ರಾಕ್ಷಿಗೆ ಚಪ್ಪರವೇ ಇಲ್ಲ. ನಮ್ಮ ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಚಪ್ಪರದ ಕೆಳಗೆ ತಲೆ ಬಗ್ಗಿಸಿ ಓಡಾಡಿದವರಿಗೆ ಇದು ವಿಚಿತ್ರ ಅನಿಸುತ್ತದೆ. ಇಲ್ಲಿ ಬಳ್ಳಿ ಗಿಡದ ಹಾಗೆ ತನ್ನ ಕಾಲ ಮೇಲೆ ತಾನೇ ನಿಂತಿರುತ್ತದೆ. ಮೊಣಕಾಲೆತ್ತರ, ಹೆಚ್ಚೆಂದರೆ ಸೊಂಟದೆತ್ತರ, ತೊಡೆ ಗಾತ್ರದ ಗಂಟುಗಂಟು ಬುಡ. ನೀರು ಹಾಯಿಸುವುದಿಲ್ಲ, ಮಳೆ ಬಂದಷ್ಟೇ. ನಮ್ಮ ಭಾಷೆಯಲ್ಲಿ ಖುಷ್ಕಿ ಜಮೀನು. ಅವರ ಭಾಷೆಯಲ್ಲಿ ‘ಸೆಕಾನೊ’. ಇಳಿಜಾರು ಕಡಿದಾಗಿರುವ ಕಡೆ ಟ್ರ್ಯಾಕ್ಟರ್ ನಿಲ್ಲುವುದಿಲ್ಲ, ಹಾಗಾಗಿ ಕುದುರೆ ಕಟ್ಟಿ ಉಳುವವರು ಇನ್ನೂ ಇದ್ದಾರೆ.

ಇನ್ನೊಂದು ವಿಷಯ. 19ನೇ ಶತಮಾನದಲ್ಲಿ ಫಿಲಾಕ್ಸೆರಾ ಅನ್ನುವ ಬೇರಿನ ಹೇನು ಯುರೋಪಿನ ದ್ರಾಕ್ಷಿ ತೋಟಗಳನ್ನು ಹಾಳುಮಾಡಿತು. ಆಮೇಲೆ ಅಲ್ಲೆಲ್ಲ ಅಮೆರಿಕದ ಬೇರಿಗೆ ಕಸಿ ಕಟ್ಟಿಯೇ ಬೆಳೆಯಬೇಕಾಯಿತು. ಚಿಲಿಗೆ ಆ ಹುಳ ತಲುಪಲೇ ಇಲ್ಲ. ಹಾಗಾಗಿ ಇಲ್ಲಿ ಸ್ವಂತ ಬೇರಿನ ಮೇಲೆ ನೂರು, ಇನ್ನೂರು ವರ್ಷದಿಂದ ನಿಂತ ಬಳ್ಳಿಗಳಿವೆ.

ಎರಡನೇ ಹೆಜ್ಜೆ: ನಾಲ್ಕು ದ್ರಾಕ್ಷಿಗಳ ಪರಿಚಯ ಮಾಡಿಕೊಳ್ಳಿ

ಮೊದಲನೆಯದು ಪಯೀಸ್. ಸ್ಪ್ಯಾನಿಷ್‌ನಲ್ಲಿ ಪಯೀಸ್ ಅಂದರೆ ದೇಶ. ಇದನ್ನು ನಾನು ‘ನಾಟಿ’ ಅಂತ ಅರ್ಥ ಮಾಡಿಕೊಂಡಿದ್ದೇನೆ. ನಾಟಿ ಕೋಳಿ, ನಾಟಿ ಟೊಮೆಟೊ ಇದ್ದ ಹಾಗೆ ನಾಟಿ ದ್ರಾಕ್ಷಿ. ತಮಾಷೆ ಅಂದರೆ ಇದೂ ಹೊರಗಿನಿಂದಲೇ ಬಂದದ್ದು. 16ನೇ ಶತಮಾನದಲ್ಲಿ ಸ್ಪೇನಿನವರ ಹಡಗಿನಲ್ಲಿ, ಪಾದ್ರಿಗಳ ಪೂಜೆಯ ವೈನಿಗಾಗಿ. ಸ್ಪೇನಿನಲ್ಲಿ ಇದರ ಹೆಸರು ಲಿಸ್ತಾನ್ ಪ್ರಿಯೇತೊ. ಕ್ಯಾಲಿಫೋರ್ನಿಯಾದಲ್ಲಿ ಮಿಷನ್, ಪಕ್ಕದ ಅರ್ಜೆಂಟೀನಾದಲ್ಲಿ ಕ್ರಿಯೋಯಾ ಚೀಕಾ. ಎಲ್ಲವೂ ಒಂದೇ ಅಂತ ಡಿಎನ್‌ಎ ಪರೀಕ್ಷೆಯಲ್ಲಿ ಗೊತ್ತಾಗಿದೆ. 1851ರಲ್ಲಿ ಸಿಲ್ವೆಸ್ತ್ರೆ ಓಚಗಾವಿಯಾ ಎಂಬ ಶ್ರೀಮಂತ ಫ್ರಾನ್ಸಿನ ಬಳ್ಳಿಗಳನ್ನು ತರಿಸಿ ನೆಟ್ಟ ಮೇಲೆ ದೊಡ್ಡವರೆಲ್ಲ ಆ ಕಡೆ ತಿರುಗಿದರು. ಪಯೀಸ್ ಬಡ ರೈತನ ಪಾಲಿಗೆ ಉಳಿಯಿತು. ‘ಅದೂ ಒಂದು ವೈನಾ?’ ಅನ್ನುವ ಮಾತು ಅಂದಿನಿಂದ ಶುರುವಾಗಿ ತೀರಾ ಇತ್ತೀಚಿನವರೆಗೂ ನಡೆಯಿತು. ನಮ್ಮಲ್ಲಿ ಬೆಂಗಳೂರು ಬ್ಲೂ ಬಗ್ಗೆ ಮೂಗು ಮುರಿಯುವವರ ಧಾಟಿಯೇ. ದ್ರಾಕ್ಷಿಗಳಿಗೆ ಸಂಬಂಧ ಇಲ್ಲ, ಅಸಡ್ಡೆ ಮಾತ್ರ ಒಂದೇ.

ಎರಡು ಮತ್ತು ಮೂರನೆಯದು ಸಿನ್ಸೋ ಮತ್ತು ಕಾರಿನ್ಯಾನ್. ಇವು ಫ್ರಾನ್ಸಿನ ದಕ್ಷಿಣದಲ್ಲಿ ಹೆಚ್ಚಾಗಿ ಬೆಳೆಯುವಂಥವು, ಇಲ್ಲಿ ಬೇರೂರಲು ಕಾರಣ ಭೂಕಂಪ. 1939ರ ಜನವರಿ 24ರಂದು ಇತಾತಾ ಸೀಮೆಯ ಚಿಯಾನ್ ಊರು ನೆಲಸಮವಾಯಿತು. ಆಮೇಲೆ ರೈತರಿಗೆ ಕೈಹಿಡಿಯಲಿ ಅಂತ ಈ ಬಳ್ಳಿಗಳನ್ನು ನೆಡಿಸಿದರು. ಪಯೀಸ್‌ಗೆ ಬಣ್ಣ ಕಡಿಮೆ, ಹುಳಿಯೂ ಕಡಿಮೆ. ಆ ಕೊರತೆ ತುಂಬಲಿ ಅನ್ನುವುದು ಲೆಕ್ಕ. ಸಿನ್ಸೋ ಇತಾತಾದಲ್ಲಿ ಕೂತಿತು, ಕಾರಿನ್ಯಾನ್ ಮೌಲೆಯ ಕೌಕೇನೆಸ್ ಸುತ್ತಮುತ್ತ.

ನಾಲ್ಕನೆಯದು ಬಿಳಿಯದು, ಮೊಸ್ಕಾತೆಲ್. ಗ್ಲಾಸ್ ಮೂಗಿಗೆ ಹಿಡಿದರೆ ಹೂವಿನಂಗಡಿ ಮುಂದೆ ನಿಂತ ಹಾಗೆ. ಸಿಹಿ ಇರಬೇಕು ಅಂದುಕೊಂಡು ಕುಡಿದರೆ ಬಾಯಲ್ಲಿ ಸಿಹಿಯೇ ಇರುವುದಿಲ್ಲ. ಮೊದಲ ಸಲ ಎಲ್ಲರೂ ಮೋಸ ಹೋಗುತ್ತಾರೆ.

ಮೂರನೇ ಹೆಜ್ಜೆ: ಲೇಬಲ್ ಓದಲು ಕಲಿಯಿರಿ

ಅಂಗಡಿಯಲ್ಲಿ ಬಾಟಲಿ ತಿರುಗಿಸಿ ಈ ಪದ ಹುಡುಕಿ:

- ಸೆಕಾನೊ ಇಂತೆರಿಯೋರ್: ಒಳನಾಡಿನ ಖುಷ್ಕಿ ತೋಟದ್ದು ಅಂತ. ಪಯೀಸ್ ಅಥವಾ ಸಿನ್ಸೋ ಜೊತೆ ಈ ಪದ ಇದ್ದರೆ ಧೈರ್ಯವಾಗಿ ತಗೊಳ್ಳಿ.
- ಪಿಪೇನ್ಯೊ: ಅದೇ ವರ್ಷದ ಎಳೇ ವೈನ್, ಸೋಸಿರುವುದಿಲ್ಲ. ಸಾಂಪ್ರದಾಯಿಕ ಪೀಪಾಯಿ ರಾವುಲಿ ಎಂಬ ಅಲ್ಲಿನ ಕಾಡುಮರದ್ದು, ಕೆಂಪಗಿರುತ್ತದೆ.
- ತಿನಾಜಾ: ಮಣ್ಣಿನ ಗುಡಾಣ. ಆಳೆತ್ತರದವೂ ಇವೆ. ದೆ ಮಾರ್ತಿನೊ ಎಂಬ ಹಳೆಯ ಕಂಪನಿ ಹಳ್ಳಿಗಳಲ್ಲಿ ಬಿದ್ದಿದ್ದ ಹಳೇ ಗುಡಾಣಗಳನ್ನು ಹುಡುಕಿ ತಂದು ಇತಾತಾದ ಸಿನ್ಸೋ ಮತ್ತು ಮೊಸ್ಕಾತೆಲ್ ಮಾಡುತ್ತಿದೆ. ಹೆಸರು ‘ವಿಯೇಹಾಸ್ ತಿನಾಹಾಸ್’, ಹಳೇ ಗುಡಾಣಗಳು. ಸ್ಪ್ಯಾನಿಷ್ ಉಚ್ಚಾರಣೆಯಲ್ಲಿ ‘ಜ’ ಅಲ್ಲ ‘ಹ’, ಅಂಗಡಿಯಲ್ಲಿ ತಿನಾಹಾ ಅಂತಲೇ ಕೇಳಿ.
- ವಿಗ್ನೊ: ಮೌಲೆಯ ಕಾರಿನ್ಯಾನ್ ಬೆಳೆಗಾರರ ಗುಂಪಿನ ಗುರುತು. ಕನಿಷ್ಠ 30 ವರ್ಷದ, ನೀರು ಹಾಯಿಸದ ಬಳ್ಳಿ ಇರಬೇಕು. 2 ವರ್ಷ ಇಟ್ಟು ಆಮೇಲೆ ಮಾರಬೇಕು.

ಇಷ್ಟು ಗೊತ್ತಿದ್ದರೆ ಸಾಕು. ‘ರಿಸರ್ವಾ’, ‘ಗ್ರಾನ್ ರಿಸರ್ವಾ’ ಅನ್ನುವ ಚಿನ್ನದ ಅಕ್ಷರಗಳಿಗೆ ಇಲ್ಲಿ ಕೆಲಸ ಇಲ್ಲ.

ಹೆಸರು ಹಿಡಿದು ಹುಡುಕುವವರಿಗೆ ಎರಡು ಮೂರು ಸುಳಿವು. ಲೂಯಿ-ಆಂತ್ವಾನ್ ಲುಯ್ತ್ ಎಂಬ ಫ್ರೆಂಚ್ ಮನುಷ್ಯ ಬೇರೆ ಬೇರೆ ಹಳ್ಳಿಗಳ ಪಿಪೇನ್ಯೊವನ್ನು ಆಯಾ ಹಳ್ಳಿಯ ಹೆಸರಲ್ಲೇ ಒಂದು ಲೀಟರ್ ಬಾಟಲಿಗೆ ತುಂಬಿ ಹೊರದೇಶಕ್ಕೂ ಮುಟ್ಟಿಸಿದ. ಇತಾತಾದಲ್ಲಿ ವೈನ್ ಮಾಡುವವರ ಪೈಕಿ ಲಿಯೊನಾರ್ದೊ ಎರಾಸೊ, ಪೆದ್ರೊ ಪಾರ್ರಾ. ಬಿಯೊ-ಬಿಯೊ ಕಡೆ ರೊಬೆರ್ತೊ ಎನ್ರೀಕೆಸ್. ಬುಶೋನ್ ಕಂಪನಿಯ ‘ಪಯೀಸ್ ಸಾಲ್ವಾಹೆ’ ಸ್ವಲ್ಪ ಮಜವಾದದ್ದು. ತೋಟದಿಂದ ತಪ್ಪಿಸಿಕೊಂಡು ಕಾಡುಮರಗಳಿಗೆ ಹಬ್ಬಿದ ಬಳ್ಳಿಯ ಹಣ್ಣು, ಏಣಿ ಹಾಕಿ ಕೀಳುತ್ತಾರೆ, ನಮ್ಮಲ್ಲಿ ಮೆಣಸು ಕೀಳುವ ಹಾಗೆ. ಇನ್ನು ಮಿಗೆಲ್ ತೋರ್ರೆಸ್ ಕಂಪನಿಯವರು ಪಯೀಸ್‌ನಿಂದ ‘ಎಸ್ತೆಲಾದೊ’ ಅಂತ ನೊರೆಯುಕ್ಕುವ ಗುಲಾಬಿ ವೈನ್ ಮಾಡಿದರು. ಕುಡಿದು ಅಭ್ಯಾಸ ಇಲ್ಲದವರಿಗೆ ಶುರು ಮಾಡಲು ಅದು ಸುಲಭ.

ನಾಲ್ಕನೇ ಹೆಜ್ಜೆ: ಸಾಂಟಿಯಾಗೊದಲ್ಲಿ ಒಂದೇ ಒಂದು ಭೂಕಂಪ

ಸಾಂಟಿಯಾಗೊದ ಹಳೇ ಮದ್ಯದಂಗಡಿಗಳಲ್ಲಿ ‘ತೆರ್ರೆಮೊತೊ’ ಸಿಗುತ್ತದೆ, ಅಂದರೆ ಭೂಕಂಪ. ಬಿಳಿ ಸಿಹಿ ಪಿಪೇನ್ಯೊ, ಮೇಲೆ ಅನಾನಸ್ ಐಸ್‌ಕ್ರೀಮ್, ಒಂದು ಚೂರು ದಾಳಿಂಬೆ ಸಿರಪ್ ಅಥವಾ ಫೆರ್ನೆಟ್ ಎಂಬ ಗಿಡಮೂಲಿಕೆಯ ಕಹಿ ಮದ್ಯ. 1985ರ ಭೂಕಂಪದ ವರದಿಗೆ ಬಂದ ಜರ್ಮನ್ ಪತ್ರಕರ್ತರು ಎಲ್ ಓಯೊ ಎಂಬ ಅಂಗಡಿಯಲ್ಲಿ ಇದನ್ನು ಕುಡಿದು ‘ಇದೇ ಭೂಕಂಪ’ ಅಂದರು ಅನ್ನುವುದು ಅಲ್ಲಿ ಹೇಳುವ ಕತೆ. ಎರಡನೇ ಗ್ಲಾಸ್, ಸ್ವಲ್ಪ ಸಣ್ಣದು, ಅದರ ಹೆಸರು ‘ರೆಪ್ಲಿಕಾ’. ಭೂಕಂಪ ಆದ ಮೇಲೆ ಬರುವ ಸಣ್ಣ ನಡುಕ.

ಒಂದು ಕುಡಿಯಿರಿ, ನಗಿ, ಎದ್ದು ಬನ್ನಿ. ಇದರಿಂದ ಪಿಪೇನ್ಯೊ ರುಚಿ ಗೊತ್ತಾಗುವುದಿಲ್ಲ. ಐಸ್‌ಕ್ರೀಮ್ ಎಲ್ಲವನ್ನೂ ಮುಚ್ಚುತ್ತದೆ, ಮದ್ಯವನ್ನೂ ಸೇರಿಸಿ. ಅದೇ ಅಪಾಯ.

ಐದನೇ ಹೆಜ್ಜೆ: ಯಾವಾಗ, ಹೇಗೆ ಹೋಗುವುದು

ಅಲ್ಲಿ ಋತುಗಳು ನಮಗೆ ಉಲ್ಟಾ. ಇತಾತಾದಲ್ಲಿ ಹಣ್ಣು ಕೀಳುವುದು ಮಾರ್ಚ್, ಏಪ್ರಿಲ್. ಕೆಲಸ ನೋಡಬೇಕಾದರೆ ಆಗ ಹೋಗಿ. ಜೂನ್, ಜುಲೈ ಮಳೆಗಾಲ, ಮಣ್ಣು ರಸ್ತೆ ಕೆಸರು, ಬೇಡ. ಸೆಪ್ಟೆಂಬರ್ 18 ಅವರ ರಾಷ್ಟ್ರೀಯ ಹಬ್ಬ. ಆ ವಾರ ಚೀಚಾ ಹರಿಯುತ್ತದೆ. ಚೀಚಾ ಅಂದರೆ ಪೂರ್ತಿ ಹುಳಿಯೇರದ ದ್ರಾಕ್ಷಿರಸ: ಅರ್ಧ ಜ್ಯೂಸು, ಅರ್ಧ ವೈನು, ನಾಲಿಗೆ ಚುರುಗುಟ್ಟಿಸುವ ಗ್ಯಾಸು. ಮಾರನೇ ದಿನದ ಸೇನಾ ಪಥಸಂಚಲನದಲ್ಲಿ ದೇಶದ ಅಧ್ಯಕ್ಷರಿಗೇ ಕೊಂಬಿನ ಲೋಟದಲ್ಲಿ ಚೀಚಾ ಕೊಡುವ ಪದ್ಧತಿ ಇದೆ. ನಮ್ಮ ಗಣರಾಜ್ಯೋತ್ಸವದಲ್ಲಿ ನೀರಾ ಕೊಟ್ಟ ಹಾಗೆ ಅಂತ ಊಹಿಸಿಕೊಳ್ಳಿ! ಇನ್ನೂ ದಕ್ಷಿಣಕ್ಕೆ ಹೋದರೆ ಚೀಚಾ ಸೇಬಿನದ್ದು, ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ.

ಸಾಂಟಿಯಾಗೊದ ಎಸ್ತಾಸಿಯೋನ್ ಸೆಂತ್ರಾಲ್‌ನಿಂದ ಚಿಯಾನ್‌ಗೆ ರೈಲಿದೆ, ಸುಮಾರು 400 ಕಿ.ಮೀ. ಚಿಯಾನ್‌ನಿಂದ ಕಾರು ಬೇಕೇ ಬೇಕು. ಕಿಯ್ಯೋನ್, ಪೋರ್ತೆಸ್ವೇಲೊ, ಕೊಎಲೆಮು, ಗ್ವಾರಿಲಿವೆ, ಇತಾತಾದ ಈ ವೈನ್ ಊರುಗಳ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಕುಡಿದು ಓಡಿಸುವ ಯೋಚನೆಯೇ ಬೇಡ, ರಕ್ತದಲ್ಲಿ ಲೀಟರಿಗೆ 0.3 ಗ್ರಾಂ ದಾಟಿದರೆ ಲೈಸೆನ್ಸ್‌ಗೆ ಕುತ್ತು. ಓಡಿಸುವವರು ಒಬ್ಬರು ಉಗುಳುವ ಅಭ್ಯಾಸ ಮಾಡಿಕೊಳ್ಳಲಿ, ಯಾರೂ ತಪ್ಪು ತಿಳಿಯುವುದಿಲ್ಲ.

ರೈಲಿನ ಹುಚ್ಚಿರುವವರಿಗೆ ಇನ್ನೊಂದು ದಾರಿ. ತಾಲ್ಕಾ ಊರಿನಿಂದ ಕೊನ್ಸ್ತಿತುಸಿಯೋನ್‌ವರೆಗೆ ಮೌಲೆ ನದಿ ಪಕ್ಕದಲ್ಲೇ 88 ಕಿ.ಮೀ. ಉದ್ದದ ಮೀಟರ್ ಗೇಜ್ ಹಳಿ ಇದೆ, ಅದರ ಮೇಲೆ ಪುಟ್ಟ ರೈಲುಬಸ್ಸು ಓಡುತ್ತದೆ. ನಡುವೆ ಗೊನ್ಸಾಲೆಸ್ ಬಾಸ್ತಿಯಾಸ್ ಅಂತ ಒಂದು ನಿಲ್ದಾಣ. ಅದೇ ಹೆಸರಿನಲ್ಲಿ ಒಂದು ಕುಟುಂಬ ನದಿ ದಂಡೆಯಲ್ಲಿ ಹಳೇ ಪಯೀಸ್ ತೋಟ ಇಟ್ಟುಕೊಂಡು ಇಂದಿಗೂ ವೈನ್ ಮಾಡುತ್ತಿದೆ. ರೈಲು ಆ ದಿನ ಓಡುತ್ತದಾ ಅಂತ ಮೊದಲು ವಿಚಾರಿಸಿ ಹೊರಡಿ.

ದಾರಿಯುದ್ದಕ್ಕೂ ಒಂದು ದೃಶ್ಯ ಮನಸ್ಸಿಗೆ ಚುಚ್ಚುತ್ತದೆ. ಬೆಟ್ಟಗಟ್ಟಲೆ ಪೈನ್ ಮತ್ತು ನೀಲಗಿರಿ. ಕೋಲಾರದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ದ್ರಾಕ್ಷಿಗೆ ಬೆಲೆ ಸಿಗದೆ ಸೋತವರ ಜಮೀನು ಪಲ್ಪ್ ಕಾರ್ಖಾನೆಯ ಮರಗಳ ಪಾಲಾಯಿತು. ಆ ಮರಗಳಿಗೆ ಬೆಂಕಿ ಬಿದ್ದರೆ ನಡುವೆ ಉಳಿದ ತೋಟಗಳೂ ಸುಡುತ್ತವೆ, 2017ರಲ್ಲಿ ಮತ್ತು 2023ರಲ್ಲಿ ಆದದ್ದು ಅದೇ.

ಆರನೇ ಹೆಜ್ಜೆ: ರೈತನ ಅಂಗಳದಲ್ಲಿ

ರಸ್ತೆ ಬದಿಯಲ್ಲಿ ಕೈಬರಹದ ಹಲಗೆ ಹುಡುಕಿ. ‘ಆಯ್ ಪಿಪೇನ್ಯೊ’ ಅಂತ ಬರೆದಿರುತ್ತಾರೆ, ‘ಪಿಪೇನ್ಯೊ ಇದೆ’ ಅಂತ. ನೀವೂ ಅದನ್ನೇ ಕೊನೆಯಲ್ಲಿ ರಾಗ ಎಳೆದು ಕೇಳಿದರೆ ಪ್ರಶ್ನೆಯಾಯಿತು. ಮೊದಲು ನಮಸ್ಕಾರ ಹೇಳಿ, ಮಾತಾಡಿ, ಆಮೇಲೆ ಕೇಳಿ. ಹಿರಿಯರಾದರೆ ಹೆಸರಿಗೆ ಮುಂಚೆ ‘ದೊನ್’, ಹೆಂಗಸರಾದರೆ ‘ದೊನ್ಯಾ’ ಸೇರಿಸಿ. ನಮ್ಮ ಯಜಮಾನರು, ಅಮ್ಮಾವ್ರು ಇದ್ದ ಹಾಗೆ.

ಸುಗ್ಗಿಯಲ್ಲಿ ಹೋದರೆ ‘ಸರಾಂದಾ’ ನೋಡದೆ ಬರಬೇಡಿ. ಕೊಲಿಗ್ವೆ ಎಂಬ ಬಿದಿರಿನ ಕಡ್ಡಿಗಳನ್ನು ಒತ್ತೊತ್ತಾಗಿ ಕಟ್ಟಿದ ತಟ್ಟಿ ಅದು, ನಮ್ಮ ಬಿದಿರಿನ ಚಾಪೆ ತರಹ, ಆದರೆ ನಡುವೆ ಕಾಳು ಜಾರುವಷ್ಟು ಸಂದಿ. ಅದನ್ನು ತೊಟ್ಟಿಯ ಮೇಲೆ ಹಾಸಿ ಗೊಂಚಲುಗಳನ್ನು ಸುರಿಯುತ್ತಾರೆ. ಇಬ್ಬರು ಎದುರುಬದುರು ನಿಂತು ಅಂಗೈಯಿಂದ ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಾರೆ. ಹಣ್ಣು ಒಡೆದು ಸಂದಿಯಲ್ಲಿ ಕೆಳಗೆ ಜಾರುತ್ತದೆ, ತೊಟ್ಟು ಮೇಲೆ ಉಳಿಯುತ್ತದೆ. ಆ ತೊಟ್ಟನ್ನು ಬಾಚಿ ಪಕ್ಕಕ್ಕೆ ಎಸೆಯುತ್ತಾರೆ. ನಾನೂ ಹತ್ತು ನಿಮಿಷ ಉಜ್ಜಿದೆ. ಮೊಣಕೈವರೆಗೆ ರಸ, ಸುತ್ತ ಜೇನು, ಕಣಜ, ಮತ್ತು ಸಂಜೆಯವರೆಗೆ ಬಿಡದ ಅಂಟು. ಪಯೀಸ್ ತೊಟ್ಟು ಭಾರಿ ಒಗರು. ಅದನ್ನು ಬೇರೆ ಮಾಡದಿದ್ದರೆ ವೈನ್ ಕುಡಿದ ಬಾಯಿ ಎಳೇ ಅಡಿಕೆ ಜಗಿದ ಹಾಗಾಗುತ್ತದೆ, ಆ ತಟ್ಟಿಯ ಕೆಲಸ ಇಷ್ಟೇ ಆದರೂ ದೊಡ್ಡದು.

ಆಮೇಲೆ ಹೊರಗಿನಿಂದ ಯೀಸ್ಟ್ ಹಾಕುವುದಿಲ್ಲ. ಹಣ್ಣಿನ ಮೇಲೆ, ತೊಟ್ಟಿಯಲ್ಲಿ, ಗಾಳಿಯಲ್ಲಿ ಇರುವುದೇ ಸಾಕು, ದೋಸೆ ಹಿಟ್ಟು ತಾನಾಗಿ ಹುದುಗು ಬರುವ ಹಾಗೆ.

ಕೊಳ್ಳುವಾಗ ರುಚಿ ನೋಡಿಯೇ ಕೊಳ್ಳಿ. ಒಂದೇ ಮನೆಯ ಎರಡು ಪೀಪಾಯಿ ಬೇರೆ ಬೇರೆ ಇರುತ್ತವೆ. ಮೂಗಿಗೆ ವಿನೆಗರ್ ಹೊಡೆದರೆ ನಕ್ಕು ಬೇರೆಯದು ಕೇಳಿ. ಇನ್ನೊಂದು, ಇದು ಪೆಟ್ಟು ತಿಂದು ಕಲಿತದ್ದು. ಏಪ್ರಿಲ್ ಕೊನೆಯಲ್ಲಿ ಐದು ಲೀಟರ್ ಕ್ಯಾನಿನಲ್ಲಿ ಹೊಸ ಪಿಪೇನ್ಯೊ ತುಂಬಿಸಿಕೊಂಡು, ಮುಚ್ಚಳ ಬಿಗಿಯಾಗಿ ತಿರುಗಿಸಿ, ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಇಟ್ಟು ಊಟಕ್ಕೆ ಹೋಗಿದ್ದೆ. ಅದು ಇನ್ನೂ ಹುದುಗುತ್ತಿತ್ತು. ವಾಪಸ್ ಬಂದಾಗ ಕ್ಯಾನ್ ಫುಟ್‌ಬಾಲಿನಂತೆ ಉಬ್ಬಿತ್ತು, ನಾನು ಬುದ್ಧಿವಂತನಂತೆ ಮುಚ್ಚಳ ಪೂರ್ತಿ ತೆಗೆದೆ. ಬಾಡಿಗೆ ಕಾರಿನ ಸೀಲಿಂಗ್‌ವರೆಗೂ ಚಿಮ್ಮಿತು. ತೊಳೆಸಿದ ದುಡ್ಡಲ್ಲಿ ಇನ್ನೂ ನಾಲ್ಕು ಕ್ಯಾನ್ ಬರುತ್ತಿತ್ತು. ಹಾಗಾಗಿ ಮುಚ್ಚಳ ಸಡಿಲ ಇರಲಿ, ಕ್ಯಾನ್ ನೆಟ್ಟಗೆ ನಿಂತಿರಲಿ, ನೆರಳಲ್ಲಿರಲಿ.

ಏಳನೇ ಹೆಜ್ಜೆ: ಕುಡಿಯುವ ಕ್ರಮ

ತಂಪು ಮಾಡಿ. ಕೆಂಪು ವೈನ್ ಫ್ರಿಜ್ಜಿನಲ್ಲಿ ಇಡಬಾರದು ಅನ್ನುವ ಮಾತು ಪಯೀಸ್‌ಗೂ ಸಿನ್ಸೋಗೂ ಅನ್ವಯಿಸುವುದಿಲ್ಲ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಉದ್ದ ಕಾಲಿನ ಗ್ಲಾಸ್ ಬೇಕಿಲ್ಲ, ಅವರೇ ಸಾದಾ ಲೋಟದಲ್ಲಿ ಕುಡಿಯುತ್ತಾರೆ. ತಳದಲ್ಲಿ ಗಷ್ಟು ಕಂಡರೆ ಹೆದರಬೇಡಿ, ಸೋಸಿಲ್ಲ ಅಷ್ಟೇ.

ಸಾಲು ಹೀಗಿರಲಿ: ಮೊದಲು ಮೊಸ್ಕಾತೆಲ್, ಆಮೇಲೆ ಸಿನ್ಸೋ, ಮೂರನೆಯದು ಪಯೀಸ್, ಕೊನೆಗೆ ಕಾರಿನ್ಯಾನ್. ಸಿನ್ಸೋ ಎಲ್ಲರಿಗೂ ಇಷ್ಟವಾಗುತ್ತದೆ, ಕೆಂಪು ಹಣ್ಣಿನ ರುಚಿ, ನುಣುಪು. ಪಯೀಸ್ ಹಾಗಲ್ಲ. ಬಣ್ಣ ತೆಳು, ಕೋಕಂ ಶರಬತ್ತಿನಷ್ಟೇ. ಬಣ್ಣ ನೋಡಿ ನೀರು ಬೆರೆಸಿದ್ದಾರೆ ಅಂದುಕೊಳ್ಳುತ್ತೀರಿ. ಮೊದಲ ಗುಟುಕಲ್ಲಿ ಒಣ ಹುಲ್ಲು, ಮಣ್ಣು, ಹುಳಿ ಚೆರ್ರಿ. ಎರಡು ಕ್ಷಣ ಬಿಟ್ಟು ಒಗರು ಒಸಡನ್ನು ಹಿಡಿಯುತ್ತದೆ. ಖಾಲಿ ಹೊಟ್ಟೆಯಲ್ಲಿ ಅಲ್ಲಿಗೇ ಬಿಟ್ಟುಬಿಡುತ್ತೀರಿ. ಅದಕ್ಕೇ ಪಯೀಸ್ ಸರದಿ ಬರುವ ಹೊತ್ತಿಗೆ ತಟ್ಟೆಯಲ್ಲಿ ಊಟ ಇರಬೇಕು.

ಚಿಯಾನ್ ಊರಿನ ಲೊಂಗಾನಿಸಾ ಎಂಬ ಹಂದಿ ಸಾಸೇಜು ಇದಕ್ಕೆ ಹೇಳಿ ಮಾಡಿಸಿದ್ದು. ಮಾಂಸ ತಿನ್ನದವರು ಬೂದಿಯಲ್ಲಿ ಸುಟ್ಟ ರೊಟ್ಟಿಗೆ ‘ಪೆಬ್ರೆ’ ಹಾಕಿಸಿಕೊಳ್ಳಿ. ಟೊಮೆಟೊ, ಈರುಳ್ಳಿ, ಕೊತ್ತಂಬರಿ, ಮೆಣಸಿನಕಾಯಿ, ಥೇಟ್ ನಮ್ಮ ಹಸಿ ಗೊಜ್ಜಿನ ತಮ್ಮ. ಅಲ್ಲಿನ ಮೂಲನಿವಾಸಿಗಳಾದ ಮಪುಚೆ ಜನರ ‘ಮೆರ್ಕೇನ್’ ಪುಡಿಯೂ ಸಿಗುತ್ತದೆ. ಹೊಗೆ ಕೊಟ್ಟು ಒಣಗಿಸಿದ ಮೆಣಸಿನಕಾಯಿ, ಹುರಿದ ಕೊತ್ತಂಬರಿ ಬೀಜ, ಉಪ್ಪು. ಒಂದು ಪೊಟ್ಟಣ ಮನೆಗೂ ತನ್ನಿ, ಮೊಸರನ್ನಕ್ಕೆ ಚೆನ್ನಾಗಿರುತ್ತದೆ.

ಧೈರ್ಯ ಇದ್ದರೆ ‘ಚುಪಿಲ್ಕಾ’ ಕೇಳಿ. ಲೋಟಕ್ಕೆ ಹುರಿದ ಗೋಧಿಯ ಹಿಟ್ಟು, ಸಕ್ಕರೆ ಹಾಕಿ ಮೇಲೆ ವೈನ್ ಸುರಿದು ಕಲಸುತ್ತಾರೆ. ಹುರಿಹಿಟ್ಟು ತಿಂದು ಬೆಳೆದವರಿಗೆ ಪರಿಮಳ ತಕ್ಷಣ ಗುರುತು ಸಿಗುತ್ತದೆ. ನನಗೆ ರುಚಿ ಹಿಡಿಸಲಿಲ್ಲ, ಆದರೂ ಲೋಟ ಖಾಲಿ ಮಾಡಿದೆ.

ಸಿಹಿ ಬೇಕಾದವರಿಗೆ

ಉತ್ತರಕ್ಕೆ ಹೋಗುವವರು ಅತಕಾಮಾ ಪ್ರಾಂತ್ಯದ ವಾಸ್ಕೊ ಕಣಿವೆಯಲ್ಲಿ ‘ಪಹರೆತೆ’ ಕೇಳಿ, ಗಟ್ಟಿ ಸಿಹಿ ವೈನ್, ಸಣ್ಣ ಗ್ಲಾಸಿನಲ್ಲಿ. ಮೌಲೆಯ ಕೌಕೇನೆಸ್‌ನಲ್ಲಿ ‘ಅಸೊಲೆಯಾದೊ’ ಇದೆ, ಹಣ್ಣನ್ನು ಬಿಸಿಲಿಗೆ ಬಾಡಿಸಿ ಮಾಡುವಂಥದ್ದು, ಈಗ ಮಾಡುವವರು ಕಡಿಮೆ. ಮರುಭೂಮಿಯ ನಡುವೆ ಸುಮಾರು 2,500 ಮೀಟರ್ ಎತ್ತರದ ತೊಕೊನಾವೊ ಹಳ್ಳಿಯಲ್ಲಿ ಕೂಡ ಹಣ್ಣಿನ ಮರಗಳ ನಡುವೆ ದ್ರಾಕ್ಷಿ ಬೆಳೆದು ವೈನ್ ಮಾಡುತ್ತಾರೆ. ಹತ್ತಿರದ ಸಾನ್ ಪೆದ್ರೊ ದೆ ಅತಕಾಮಾ ಊರಿನ ಕಡೆ ಪ್ರವಾಸ ಹೋದರೆ ಒಂದು ಬಾಟಲಿ ಹುಡುಕಿ.

ಕೊನೆಯ ಹೆಜ್ಜೆ: ಊರಿಗೆ ತರುವುದು

ಭಾರತಕ್ಕೆ ಸುಂಕ ಇಲ್ಲದೆ ತರಬಹುದಾದದ್ದು ಒಬ್ಬರಿಗೆ 2 ಲೀಟರ್. ಅಂದರೆ ಮಾಮೂಲಿ ಬಾಟಲಿ ಎರಡೇ, ಅಥವಾ ಒಂದು ಲೀಟರಿನ ಪಿಪೇನ್ಯೊ ಎರಡು. ಕ್ಯಾನಿನದ್ದು ತರಬೇಡಿ, ಯಾಕೆ ಅಂತ ಮೇಲೆ ಹೇಳಿದ್ದೇನೆ. ವಿಗ್ನೊ ಕಾರಿನ್ಯಾನ್ ಒಂದು, ಸಿನ್ಸೋ ಒಂದು ತಂದರೆ ಜಾಣತನ. ಕಾರಿನ್ಯಾನ್ ನಾಲ್ಕಾರು ವರ್ಷ ಇಡಬಹುದು. ಪಿಪೇನ್ಯೊ ಆ ವರ್ಷವೇ ಮುಗಿಸಬೇಕು, ನಮ್ಮ ಏಪ್ರಿಲ್ ಸೆಕೆಗೆ ಅಡುಗೆಮನೆ ಅಟ್ಟದಲ್ಲಿಟ್ಟರೆ ವಿನೆಗರ್ ಆಗುತ್ತದೆ.

ತಂದದ್ದು ಮುಗಿದ ಮೇಲೆ ಮಳೆಗಾಲದ ಒಂದು ಸಂಜೆ ‘ನವೆಗಾದೊ’ ಮಾಡಿ ನೋಡಿ. ದಕ್ಷಿಣ ಚಿಲಿಯವರು ಚಳಿಗೆ ಕುಡಿಯುವ ಬಿಸಿ ವೈನ್ ಅದು. ಇದಕ್ಕೆ ಚಿಲಿಯದ್ದೇ ಬೇಕಿಲ್ಲ, ನಂದಿ ಬೆಟ್ಟದ ತಪ್ಪಲಿನ ಸಾದಾ ಕೆಂಪು ವೈನ್ ಒಂದು ಬಾಟಲಿ ಸಾಕು. ಒಂದು ಕಿತ್ತಳೆ ಸಿಪ್ಪೆ ಸಮೇತ ಬಿಲ್ಲೆ ಮಾಡಿ ಬೀಜ ತೆಗೆಯಿರಿ, ಒಂದು ತುಂಡು ಚಕ್ಕೆ, ನಾಲ್ಕು ಲವಂಗ, ನಾಲ್ಕೈದು ಚಮಚ ಸಕ್ಕರೆ. ಎಲ್ಲ ಪಾತ್ರೆಗೆ ಹಾಕಿ ಸಣ್ಣ ಉರಿಯಲ್ಲಿಡಿ. ಆವಿ ಏಳಬೇಕು, ಅಂಚಿನಲ್ಲಿ ಸಣ್ಣ ಗುಳ್ಳೆ ಕಾಣಬೇಕು, ಕುದಿ ಬರಬಾರದು. ಕುದಿಸಿದರೆ ಮದ್ಯ ಹಾರಿಹೋಗಿ ಕಿತ್ತಳೆ ಸಿಪ್ಪೆಯ ಕಹಿ ಮಾತ್ರ ಉಳಿಯುತ್ತದೆ. ಹತ್ತು ನಿಮಿಷಕ್ಕೆ ಇಳಿಸಿ, ಬಿಲ್ಲೆಗಳು ಮೇಲೆ ತೇಲುತ್ತಿರುವಾಗಲೇ ಲೋಟಕ್ಕೆ ಬಗ್ಗಿಸಿ. ನವೆಗಾದೊ ಅನ್ನುವ ಪದದಲ್ಲಿ ಹಡಗು ತೇಲಿಸುವ ಅರ್ಥ ಇದೆ, ಹಾಗಾಗಿ ಲೋಟಕ್ಕೊಂದು ಬಿಲ್ಲೆ ಬೀಳಲೇಬೇಕು.